ಅಣುವಿಗೆ ಕೋಟಿ, ತೊಗರಿಗೆ ಯುಸಿ

2025ರ ಫೆಬ್ರುವರಿ 1ರಂದು ದಿಲ್ಲಿಯಲ್ಲಿ ಅಣುವಿಗೆ 20,000 ಕೋಟಿ ರೂಪಾಯಿ ಸಿಕ್ಕಿತು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಜೆಟ್ ಓದುತ್ತ, ಸಣ್ಣ ಮಾಡ್ಯುಲರ್ ರಿಯಾಕ್ಟರುಗಳ ಸಂಶೋಧನೆಗೆ ಇಷ್ಟು ಹಣ, 2033ರ ಹೊತ್ತಿಗೆ ಕಡಿಮೆಯೆಂದರೂ ಐದು ದೇಶಿ ರಿಯಾಕ್ಟರು, 2047ಕ್ಕೆ 100 ಗಿಗಾವ್ಯಾಟ್ ಅಣುವಿದ್ಯುತ್ತು ಎಂದು ಘೋಷಿಸಿದರು. ಅದೇ ಹೊತ್ತಿಗೆ ಸೇಡಂ, ಚಿತ್ತಾಪುರದ ಅಡತಿ ಅಂಗಡಿಗಳ ಮುಂದೆ ಹೊಸ ತೊಗರಿ ಬಂದು ಬಿದ್ದಿತ್ತು, ದರ ಇಳಿಜಾರು ಹಿಡಿದಿತ್ತು. ಕೇಂದ್ರದ ಬೆಂಬಲ ಬೆಲೆ ಆಗ ಕ್ವಿಂಟಲಿಗೆ 7,550 ಇತ್ತು. ರಾಜ್ಯ ಸರ್ಕಾರ ಮೇಲೆ 450 ಸೇರಿಸಿ ಅದನ್ನು 8,000 ಮಾಡಿತ್ತು. ಈ ದರದಲ್ಲಿ ಅಣುವಿನ 20,000 ಕೋಟಿಯನ್ನು ತೊಗರಿಗೆ ಹಾಕಿದರೆ 25 ಲಕ್ಷ ಟನ್ ಬರುತ್ತದೆ. ಇಡೀ ದೇಶ ಒಂದು ವರ್ಷದಲ್ಲಿ ಬೆಳೆಯುವ ತೊಗರಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ಹೀಗೆ ಲೆಕ್ಕ ಹಾಕುವುದು ದೇಶದ್ರೋಹವಲ್ಲ, ಸಣ್ಣತನವಂತೂ ಹೌದು. ಏನು ಮಾಡುವುದು, ಯಾವ ದೊಡ್ಡ ಮೊತ್ತ ಕಿವಿಗೆ ಬಿದ್ದರೂ ಅದನ್ನು ತೊಗರಿಗೆ ಬದಲಾಯಿಸಿ ನೋಡುವುದು ಕಲಬುರಗಿ ಜಿಲ್ಲೆಯವರ ಚಟ.

"ಸಣ್ಣದು ಅಂದ್ರ ಎಷ್ಟ್ ಸಣ್ಣದ್ರಿ?" ಎಂದು ವಾಡಿ ಜಂಕ್ಷನ್ನಿನ ಚಹಾದಂಗಡಿಯಲ್ಲಿ ಕೂತ ಕಾಕಾ ಕೇಳುತ್ತಾರೆ. (ಈ ಕಾಕಾ ನಾನು ಬರವಣಿಗೆಗೆಂದು ಸಾಕಿಕೊಂಡವರು. ಸರ್ಕಾರ ತಜ್ಞರ ಸಮಿತಿ ಸಾಕಿಕೊಂಡಿಲ್ಲವೇ?) 200 ಮೆಗಾವ್ಯಾಟಿನದೊಂದು, 55 ಮೆಗಾವ್ಯಾಟಿನದೊಂದು, ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ನಕ್ಷೆ ಹಾಕುತ್ತಿದ್ದಾರೆ ಎಂದು ಹೇಳಿದೆ. ಕೈಗಾದಲ್ಲಿರುವ ನಾಲ್ಕೂ ಘಟಕಗಳು ತಲಾ 220 ಮೆಗಾವ್ಯಾಟಿನವು. ಅವನ್ನು ಇಷ್ಟು ವರ್ಷ ದೊಡ್ಡವೆಂದೇ ನಂಬಿ, ದೊಡ್ಡ ಚಳವಳಿಯನ್ನೇ ಮಾಡಿದ್ದೆವು. ಈಗ ತಿಳಿಯಿತು, ಅವು ಸಣ್ಣವು.

ಈ ಸಣ್ಣ ವಸ್ತುವನ್ನು ಎಲ್ಲಿಡುವುದು ಎಂಬುದಕ್ಕೂ ಉತ್ತರ ಸಿದ್ಧವಿದೆ. 2024ರ ಡಿಸೆಂಬರ್ ಕೊನೆಗೆ ಅಣುವಿದ್ಯುತ್ ನಿಗಮ ಖಾಸಗಿ ಉದ್ಯಮಗಳನ್ನು ಕರೆಯಿತು: 220 ಮೆಗಾವ್ಯಾಟಿನ 'ಭಾರತ್ ಸ್ಮಾಲ್ ರಿಯಾಕ್ಟರ್' ಕಟ್ಟಲು ನೀವು ಜಾಗ ಕೊಡಿ, ದುಡ್ಡು ಕೊಡಿ, ಕರೆಂಟು ನೀವೇ ಬಳಸಿಕೊಳ್ಳಿ, ನಡೆಸುವವರು ನಾವು. ಕಣ್ಣಿರುವುದು ಉಕ್ಕು, ಅಲ್ಯೂಮಿನಿಯಂ, ಸಿಮೆಂಟಿನಂಥ ವಿದ್ಯುತ್ ಬಕಾಸುರರ ಮೇಲೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು 'ಶಾಂತಿ' ಎಂಬ ಹೆಸರಿನ ಮಸೂದೆಯನ್ನೂ ಒಪ್ಪಿ ಖಾಸಗಿಯವರಿಗೆ ಅಣುವಿನ ಬಾಗಿಲು ತೆಗೆಯಿತು. ಸಿಮೆಂಟು ಎಂದ ಕೂಡಲೇ ನಮ್ಮ ಊರುಗಳ ಕಿವಿ ನೆಟ್ಟಗಾಗಬೇಕು. ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ. ಭೀಮೆ, ಕಾಗಿಣೆಯ ನಡುವಿನ ಸುಣ್ಣಗಲ್ಲು ಅರ್ಧ ಶತಮಾನದಿಂದ ರೈಲು ಹತ್ತಿ ಹೋಗಿ ಊರೂರಲ್ಲಿ ಅಣೆಕಟ್ಟು, ಸೇತುವೆ, ಅಪಾರ್ಟ್‌ಮೆಂಟ್ ಆಗಿದೆ. ಕಲ್ಲು ಹೋದ ಜಾಗದಲ್ಲಿ ಖಣಿ ಉಳಿದಿದೆ, ಧೂಳು ಉಳಿದಿದೆ. ರಿಯಾಕ್ಟರು ಬಂದರೆ ಕಾರ್ಖಾನೆಯ ಒಲೆಗೆ ಹೊಗೆಯಿಲ್ಲದ ಕರೆಂಟು. ಪಕ್ಕದ ಹಳ್ಳಿಗೆ ಎಂದಿನಂತೆ ಲೋಡ್ ಶೆಡ್ಡಿಂಗ್, ಜೊತೆಗೆ ವರ್ಷಕ್ಕೊಮ್ಮೆ ಸುರಕ್ಷತಾ ಅಣಕು ಪ್ರದರ್ಶನ.

ಹಾಗೆ ನೋಡಿದರೆ ಸಿಮೆಂಟ್ ಉದ್ಯಮಕ್ಕೆ ಅಣು ಹೊಸ ನೆಂಟನೇನಲ್ಲ. ಹಾಪರ್ ಎಷ್ಟು ತುಂಬಿದೆ ಎಂದು ನೋಡಲು ಒಂದು ಬದಿಗೆ ಸೀಸಿಯಂ-137ರ ಮೂಲ, ಇನ್ನೊಂದು ಬದಿಗೆ ಕಿರಣ ಎಣಿಸುವ ಯಂತ್ರ ಇಡುವುದು ಹಳೆಯ ವಿದ್ಯೆ. ಇನ್ನೂ ನಯವಾದ ವಿದ್ಯೆಯೊಂದಿದೆ. ಬೆಲ್ಟಿನ ಮೇಲೆ ಹರಿಯುವ ಕಲ್ಲಿಗೆ ಕ್ಯಾಲಿಫೋರ್ನಿಯಂ-252 ಸೂಸುವ ನ್ಯೂಟ್ರಾನ್ ಬಡಿಸುತ್ತಾರೆ. ಬಡಿಸಿಕೊಂಡ ಕ್ಯಾಲ್ಸಿಯಂ, ಸಿಲಿಕಾನ್, ಕಬ್ಬಿಣ ತಂತಮ್ಮ ಗುರುತಿನ ಗಾಮಾ ಕಿರಣ ಬಿಡುತ್ತವೆ. ಸುಣ್ಣದಂಶ ಎಷ್ಟು, ಮರಳಂಶ ಎಷ್ಟು ಎಂದು ನಿಮಿಷ ನಿಮಿಷಕ್ಕೂ ಪರದೆಯ ಮೇಲೆ ಮೂಡುತ್ತದೆ. ಕಲ್ಲಿನ ಜಾತಕವನ್ನು ನಿಮಿಷಕ್ಕೊಮ್ಮೆ ಬರೆಯುವಷ್ಟು ವಿಜ್ಞಾನ ಬೆಳೆದಿದೆ. ಕಾಂಪೌಂಡಿನ ಈಚೆಗಿನ ಕಪ್ಪು ಮಣ್ಣಿಗೆ 2015ರಲ್ಲಿ ಹುಟ್ಟಿದ ಮಣ್ಣು ಆರೋಗ್ಯ ಕಾರ್ಡು ಇದೆ. ಮಳೆಯಾಶ್ರಿತ ಜಮೀನಾದರೆ ಹತ್ತು ಹೆಕ್ಟೇರಿಗೆ ಒಂದು ಮಾದರಿ ಎಂಬುದು ಅದರ ನಿಯಮ. ಇಪ್ಪತ್ತೈದು ಎಕರೆಗೆ ಒಂದು ಹಿಡಿ ಮಣ್ಣು. ಕಲ್ಲಾಗಿ ಹುಟ್ಟಿದ್ದರೆ ನಮ್ಮ ಹೊಲಕ್ಕೂ ಮರ್ಯಾದೆ ಸಿಗುತ್ತಿತ್ತೇನೋ.

ಅಣುವಿಜ್ಞಾನದ ಉಪಯೋಗ ಎಂಬ ಮಾತಿಗೆ ಈ ಕಡೆ ನಿಜವಾದ ಅರ್ಥವಿರುವುದು ಬೀಜದಲ್ಲಿ. ಟ್ರಾಂಬೆಯವರು ಬಾಂಬಿನ ಹೊರತಾಗಿ ಶೇಂಗಾವನ್ನೂ ಮಾಡುತ್ತಾರೆ ಎಂಬುದು ಹಲವರಿಗೆ ತಿಳಿಯದು. 1973ರಲ್ಲಿ ಟಿಜಿ-1 ಶೇಂಗಾದಿಂದ ಶುರುವಾಗಿ ಇಂದಿಗೆ ಎಪ್ಪತ್ತರ ಆಸುಪಾಸು ತಳಿಗಳು ಅಲ್ಲಿಂದ ಹೊರಬಿದ್ದಿವೆ. ವಿಧಾನ ಸರಳ, ತಾಳ್ಮೆ ಅಪಾರ. ಕೋಬಾಲ್ಟ್-60ರ ಗಾಮಾ ಕಿರಣಕ್ಕೆ ಬೀಜ ಹಿಡಿದರೆ ಒಳಗಿನ ವಂಶವಾಹಿ ಅಲ್ಲಲ್ಲಿ ಮುರಿದು ಬೇರೆಯಾಗಿ ಕೂಡುತ್ತದೆ. ಬಿತ್ತಿ, ಕೊಯ್ದು, ಮತ್ತೆ ಬಿತ್ತಿ, ಎರಡನೇ ಪೀಳಿಗೆಯಲ್ಲಿ ಸಾವಿರಾರು ಗಿಡಗಳ ನಡುವೆ ಓಡಾಡಿ ಹುಡುಕಬೇಕು. ಬಹುಪಾಲು ಗಿಡಗಳು ಕೆಲಸಕ್ಕೆ ಬಾರದವು. ಎಲ್ಲೋ ಒಂದು ದಪ್ಪ ಕಾಳಿನದು, ಒಂದು ಬೇಗ ಬಲಿಯುವುದು, ಒಂದು ರೋಗ ತಡೆಯುವುದು ಸಿಕ್ಕರೆ ಪುಣ್ಯ. ಆ ಬೀಜದಲ್ಲಿ ವಿಕಿರಣದ ಲವಲೇಶವೂ ಉಳಿದಿರುವುದಿಲ್ಲ. ಹೀಗೆ ಸಿಕ್ಕ ಗಿಡ ತಳಿಯೆಂದು ಬಿಡುಗಡೆಯಾಗಲು ಎಂಟು, ಹತ್ತು ವರ್ಷ ಬೇಕು. ಅಷ್ಟರಲ್ಲಿ ಎರಡು ಚುನಾವಣೆ ಮುಗಿದಿರುತ್ತದೆ. ಬೀಜಕ್ಕೆ ಹಣ ಕೊಟ್ಟ ಮಂತ್ರಿ ಬೀಜ ಮೊಳೆಯುವ ಹೊತ್ತಿಗೆ ಮಾಜಿ. ರಿಯಾಕ್ಟರಿಗೆ ಇನ್ನೂ ಹೆಚ್ಚು ವರ್ಷ ಹಿಡಿಯುತ್ತದೆ ನಿಜ, ಆದರೆ ಅಲ್ಲಿ ಅಡಿಗಲ್ಲು ಹಾಕಬಹುದು. ತೊಗರಿ ಗಿಡದ ಎರಡನೇ ಪೀಳಿಗೆಗೆ ಅಡಿಗಲ್ಲು ಹಾಕುವ ಕ್ರಮವನ್ನು ಯಾರೂ ಕಂಡುಹಿಡಿದಿಲ್ಲ. ಶಹಾಬಾದಿನ ಫರಸಿ ಎಷ್ಟಿದ್ದರೇನು!

ಟಿಎಯು-1 ಎಂಬ ಉದ್ದಿನ ತಳಿ ನಮ್ಮ ಭಾಗದಲ್ಲಿ ಮನೆಮಾತು. ಗಾಮಾ ಕಿರಣದಿಂದ ಬದಲಾದ ಒಂದು ಉದ್ದನ್ನು ಟಿ-9 ಎಂಬ ಇನ್ನೊಂದರ ಜೊತೆ ಕೂಡಿಸಿ, ಟ್ರಾಂಬೆಯವರೂ ಅಕೋಲಾದ ಕೃಷಿ ವಿಶ್ವವಿದ್ಯಾಲಯದವರೂ ಸೇರಿ 1985ರಲ್ಲಿ ಹೊರತಂದದ್ದು. ಬಿಡುಗಡೆಯಾದದ್ದು ಮಹಾರಾಷ್ಟ್ರಕ್ಕೆಂದು. ಅದು ಗಡಿ ದಾಟಿ ಬೀದರ್, ಕಲಬುರಗಿಗೆ ಬಂದದ್ದು ಬೀಗರ ಚೀಲದಲ್ಲಿ ಇದ್ದೀತು. "ಇದು ಅಣುವಿನ ಕೂಸು ಕಾಕಾ" ಎಂದರೆ ಕಾಕಾ ಕೈಯಲ್ಲಿದ್ದ ವಡೆಯನ್ನು ಒಮ್ಮೆ ತಿರುಗಿಸಿ ನೋಡಿ, "ಇಷ್ಟ್ ವರ್ಷ ತಿಂದೀನಿ, ಒಂದ್ ದಿನಾನೂ ಕತ್ತಲದಾಗ ಹೊಳದಿಲ್ಲ" ಎನ್ನುತ್ತಾರೆ.

ಉದ್ದು ಬಂತು, ತೊಗರಿ? ಟ್ರಾಂಬೆಯಲ್ಲಿ ತೊಗರಿಯೂ ಉಂಟು. ದಪ್ಪ ಕಾಳಿನ ಟಿಟಿ-6 ಬಂದದ್ದು 1983ರಲ್ಲಿ. ಜಬಲ್ಪುರದ ಕೃಷಿ ವಿಶ್ವವಿದ್ಯಾಲಯದ ಜೊತೆಗೂಡಿ ತೆಗೆದ ಟಿಜೆಟಿ-501 ಬಂದದ್ದು 2009ರಲ್ಲಿ. ಶಿಫಾರಸಾದದ್ದು ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತಿನ ಕಡೆಯ ಮಧ್ಯ ವಲಯಕ್ಕೆ. ವಲಯದ ಗೆರೆ ಎಳೆದವರ ಪೆನ್ಸಿಲು ಅಕ್ಕಲಕೋಟೆಯ ಹತ್ತಿರ ಬಂದು ನಿಂತುಬಿಟ್ಟಿತು. ತೊಗರಿ ಕಣಜ ಎಂದು ಸರ್ಕಾರವೇ ಭಾಷಣ ಬಿಗಿಯುವ, 2019ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಕಟ್ಟಿಸಿಕೊಂಡ ಜಿಲ್ಲೆಗೆ ಆ ತೊಗರಿಯ ಭಾಗ್ಯ ಬರಲಿಲ್ಲ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದವರು ತಮ್ಮ ಪಾಡಿಗೆ ಟಿಎಸ್-3ಆರ್, ಜಿಆರ್‌ಜಿ-811 ಎಂದು ತಳಿ ತೆಗೆದು ಕೊಟ್ಟರು. ರೈತರು ಬಿತ್ತುತ್ತಿರುವುದು ಅವನ್ನೇ. ಇದ್ದುದರಲ್ಲೇ ಮಾಡಿದ್ದಾರೆ, ಶಹಬ್ಬಾಸ್ ಅನ್ನಬೇಕು. ಇರುವುದರಲ್ಲಿ ಮಾಡುವವರಿಗೆ ಇಲ್ಲದ್ದನ್ನು ಕೊಡುವ ಅಗತ್ಯವಿಲ್ಲ ಎಂಬುದೂ ಒಂದು ಆರ್ಥಿಕ ಶಿಸ್ತು.

2022ರ ಮುಂಗಾರಿನ ತೊಗರಿಗೆ ನೆಟೆ ರೋಗ ಹೊಡೆಯಿತು. ಹೂ, ಕಾಯಿ ಹಿಡಿದ ಗಿಡ ನಿಂತ ನಿಲುವಿನಲ್ಲೇ ಒಣಗಿತು. ನೆಟೆಯ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಅಡಗಿ ಕೂರುವಂಥದು, ಮೇಲೆ ಔಷಧ ಹೊಡೆದರೆ ಅದಕ್ಕೆ ಸ್ನಾನ ಮಾಡಿಸಿದ ಹಾಗೆ. ತಡೆಯುವುದಿದ್ದರೆ ತಳಿಯೇ ತಡೆಯಬೇಕು. ಗಾಮಾ ಕಿರಣದಿಂದ ಅಂಥ ತಳಿ ಸಿಕ್ಕೇ ಸಿಗುತ್ತದೆ ಎಂದು ಯಾರೂ ಬರೆದುಕೊಡಲಾರರು. ಹುಡುಕಿ ನೋಡಬೇಕು, ಹುಡುಕಲು ಹತ್ತು ವರ್ಷ ಬೇಕು, ಹತ್ತು ವರ್ಷ ಒಬ್ಬ ಹುಡುಗನೋ ಹುಡುಗಿಯೋ ಬಿಸಿಲಲ್ಲಿ ಗಿಡ ಎಣಿಸುತ್ತ ನಿಲ್ಲಬೇಕು. ಅದರ ಬದಲು ನಡೆದದ್ದು ಸಮೀಕ್ಷೆ. ಕೃಷಿ ಇಲಾಖೆ ಬಂತು, ಕಂದಾಯ ಇಲಾಖೆ ಬಂತು, ವಿಮೆಯವರು ಬಂದರು, ವಿರೋಧ ಪಕ್ಷ ಬಂತು. ಒಣಗಿದ ಗಿಡ ಕಿತ್ತು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳದ ನಾಯಕ ಆ ಸೀಸನ್ನಿನಲ್ಲಿ ಜಿಲ್ಲೆಯಲ್ಲೇ ಇರಲಿಲ್ಲ. ಬೇಳೆ ಕಡಿಮೆಬಿದ್ದರೆ ಆಫ್ರಿಕಾ ಇದೆಯಲ್ಲ. ಮೊಜಾಂಬಿಕ್ ಜೊತೆ 2016ರಲ್ಲೇ ಒಪ್ಪಂದವಾಗಿದೆ, ತೊಗರಿ ಸುಂಕವಿಲ್ಲದೆ ಹಡಗೇರಿ ಬರುತ್ತದೆ.

"ಹಂಗಾದ್ರ ಆ ಗಿಡ ಎಣಿಸೋ ಹುಡುಗರಿಗೆ ರೊಕ್ಕ ಯಾರ್ ಕೊಡ್ತಾರ?" ಎಂದು ಕಾಕಾ ಕೇಳಿದರು. ಇದು ಒಳ್ಳೆಯ ಪ್ರಶ್ನೆ, ಹಾಗಾಗಿ ಉತ್ತರ ಉದ್ದ. ವಿಶ್ವವಿದ್ಯಾಲಯಗಳ ಅಣು ಸಂಶೋಧನೆಗೆ ಹಣ ಕೊಡಲೆಂದೇ ಅಣುಶಕ್ತಿ ಇಲಾಖೆಯಲ್ಲಿ ಬಿಆರ್‌ಎನ್‌ಎಸ್ ಎಂಬ ಮಂಡಳಿ ಇದೆ. ಅದು ಸಾಲದೆಂದು 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಟ್ಟಿತು: ಐದು ವರ್ಷಕ್ಕೆ 50,000 ಕೋಟಿ. ಕೇಳಿದವರ ಎದೆ ಉಬ್ಬಿತು. ಬಿಡಿಸಿ ನೋಡಿದರೆ ಸರ್ಕಾರದ ಕೈಯಿಂದ 14,000 ಕೋಟಿ, ಉಳಿದ 36,000 ಕೋಟಿ ಉದ್ಯಮಗಳಿಂದ, ದಾನಿಗಳಿಂದ ಬರತಕ್ಕದ್ದು. ಜಾತ್ರೆ ನಮ್ಮದು, ಪಟ್ಟಿ ಎತ್ತುವುದು ಊರಿನಲ್ಲಿ. ದೇಶ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇ 0.64. ಸೊನ್ನೆಯ ಮುಂದೆ ಚುಕ್ಕೆ ಇಟ್ಟ ಮೇಲೆ ಏನೇ ಬರೆದರೂ ವಿನಯವೇ.

ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಕಲೆಯೂ ಸರ್ಕಾರಕ್ಕೆ ಕರಗತ. ಸರ್ಕಾರಿ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಕ್ಕೆ ಇದ್ದ ಶೇ 5ರ ಜಿಎಸ್‌ಟಿ 2022ರಲ್ಲಿ ಶೇ 18 ಆಯಿತು. ನೂರು ಕೊಟ್ಟು ಹದಿನೆಂಟು ಕಿತ್ತುಕೊಳ್ಳುವುದು ಎರಡು ಬೇರೆ ಬೇರೆ ಇಲಾಖೆಗಳಾದ್ದರಿಂದ ಇಬ್ಬರ ಸಾಧನೆಯೂ ಬೇರೆ ಬೇರೆ ವರದಿಯಲ್ಲಿ ಅಚ್ಚಾಗುತ್ತದೆ. 2024ರಲ್ಲಿ ದಿಲ್ಲಿಯ ಐಐಟಿಗೆ 120 ಕೋಟಿ ಬೇಡಿಕೆಯ ನೋಟಿಸು ಹೋಯಿತು, ಸಂಶೋಧನೆಗೆ ಬಂದ ಅನುದಾನಕ್ಕೇ ತೆರಿಗೆ ಕಟ್ಟಿಲ್ಲವೆಂದು. ಗಲಾಟೆಯಾದ ಮೇಲೆ ಆ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಅನುದಾನಕ್ಕೆ ವಿನಾಯಿತಿ ಕೊಟ್ಟಿತು. ಐಐಟಿ ಕೂಗಿದರೆ ದಿಲ್ಲಿಗೆ ಕೇಳುತ್ತದೆ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಕೂಗಿದರೆ ವಾಡಿ ಜಂಕ್ಷನ್ ದಾಟುವಷ್ಟರಲ್ಲಿ ದನಿ ಬಿದ್ದುಹೋಗಿರುತ್ತದೆ. ಇದೇ ಮಳಖೇಡ ಮಾನ್ಯಖೇಟವಾಗಿದ್ದಾಗ, ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ದಾನದತ್ತಿಗಳು ಇಲ್ಲಿಂದ ಹೊರಗೆ ಹೋಗುತ್ತಿದ್ದವು. ಕೊಟ್ಟ ಹಣದ ಬಳಕೆ ಪ್ರಮಾಣಪತ್ರವನ್ನು ಕಲ್ಲಿನ ಮೇಲೇ ಕೆತ್ತಿ ಮುಗಿಸುತ್ತಿದ್ದರು. ಈಗ ಸೇಡಂ ಶಾಸಕರು, ಚಿತ್ತಾಪುರ ಶಾಸಕರು ಇಬ್ಬರೂ 2023ರಲ್ಲಿ ಬಂದ ರಾಜ್ಯ ಸರ್ಕಾರದ ಮಂತ್ರಿಗಳು. ಒಬ್ಬರಿಗೆ ವೈದ್ಯಕೀಯ ಶಿಕ್ಷಣ, ಒಬ್ಬರಿಗೆ ಐಟಿ-ಬಿಟಿ. ಅಣು ಕೇಂದ್ರದ ವಿಷಯ, ಕೃಷಿ ರಾಜ್ಯದ ವಿಷಯ. ಅಣುವಿನಿಂದ ಆಗುವ ಕೃಷಿ ಯಾರ ವಿಷಯ? ಅದು ಈ ಅಂಕಣದ ವಿಷಯ.

ಚಿಂಚೋಳಿಗೆ ಬರೋಣ. 2021ರ ಅಕ್ಟೋಬರ್‌ನಲ್ಲಿ ಗಡಿಕೇಶ್ವರದ ನೆಲ ಗುಡುಗತೊಡಗಿತು. ಒಮ್ಮೆ ಅದು ರಿಕ್ಟರ್ ಮಾಪಕದಲ್ಲಿ 4ನ್ನು ದಾಟಿತು. ಜನ ಮನೆಯೊಳಗೆ ಮಲಗುವುದನ್ನು ಬಿಟ್ಟರು, ಹಲವರು ಊರನ್ನೇ ಬಿಟ್ಟರು. ತಜ್ಞರು ಬಂದು ಕಂಪನ ಮಾಪಕ ಇಟ್ಟರು. ಮಳೆನೀರು ಸುಣ್ಣಗಲ್ಲಿನ ಪೊಟರೆಗಳಿಗೆ ಇಳಿದು ಒತ್ತಡ ಹೆಚ್ಚಿ ಸದ್ದಾಗುತ್ತದೆ, ಹೆದರಬೇಡಿ ಎಂದರು. ಆಗಿರಬಹುದು. ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ, ಇಳಿದು ಎಷ್ಟು ವರ್ಷವಾಯಿತು ಎಂದು ಐಸೋಟೋಪುಗಳಿಂದ ಪತ್ತೆ ಮಾಡುವ ವಿದ್ಯೆ ಟ್ರಾಂಬೆಯವರ ಬಳಿ ಇದೆ. ಉತ್ತರಾಖಂಡದಲ್ಲಿ ಬತ್ತಿದ ಒರತೆಗಳ ಮೂಲವನ್ನು ಹಾಗೆ ಹುಡುಕಿ, ನೀರು ಇಂಗಿಸಿ, ಮತ್ತೆ ಹರಿಸಿ ತೋರಿಸಿದ್ದಾರೆ. ಆ ವಿದ್ಯೆ ಹಿಮಾಲಯ ಹತ್ತಬಲ್ಲದು, ಚಿಂಚೋಳಿಯ ರಸ್ತೆ ಹತ್ತುವುದು ಕಷ್ಟ. ಚಿಂಚೋಳಿಯ ರಸ್ತೆ ಕಂಡವರು ಈ ಮಾತನ್ನು ವ್ಯಂಗ್ಯವೆಂದು ತಿಳಿಯಲಾರರು. ನೆಲದಿಂದ ಹೊಮ್ಮುವ ರೇಡಾನ್ ಅನಿಲವನ್ನು ಅಗ್ಗದ ಪ್ಲಾಸ್ಟಿಕ್ ಫಿಲ್ಮಿನಿಂದ ಅಳೆಯಬಹುದು. ಅದರಿಂದ ಭೂಕಂಪದ ಮುಹೂರ್ತ ಹೇಳಲು ಜಗತ್ತಿನಲ್ಲಿ ಯಾರಿಗೂ ಆಗಿಲ್ಲ, ನಮಗೂ ಆಗುವುದು ಬೇಡ. ಮನೆಯೊಳಗಿನ ಗಾಳಿ ಹೇಗಿದೆ ಎಂದಾದರೂ ಗೊತ್ತಾಗುತ್ತಿತ್ತು.

ಹಾಗಂತ ಅಣುವಿನವರು ನಮ್ಮ ಸೀಮೆಗೆ ಕಾಲಿಟ್ಟೇ ಇಲ್ಲ ಎಂದರೆ ಅಪಚಾರ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಹತ್ತಿರ ಭೀಮೆ ದಾಟಿದರೆ ಶಹಾಪುರ ತಾಲ್ಲೂಕು, ಅಲ್ಲಿ ಗೋಗಿ. ಬಿಜಾಪುರದ ಆದಿಲ್‌ಶಾಹಿಯ ಮೊದಲ ಸುಲ್ತಾನರು ಮಣ್ಣಾಗಿರುವ ಊರು. ಅವರ ಕೆಳಗಿನ ಕಲ್ಲಿನಲ್ಲಿ ಯುರೇನಿಯಂ ಇದೆಯೆಂದು ಪತ್ತೆಯಾದದ್ದೇ ತಡ, ವಿಜ್ಞಾನ ಎಷ್ಟು ಚುರುಕಾಯಿತೆಂದರೆ! ಅಣು ಖನಿಜ ನಿರ್ದೇಶನಾಲಯ ಬಂತು, ಬೋರಿಂಗ್ ಗಾಡಿಗಳು ಬಂದವು, ನೆಲದೊಳಗೆ ಪ್ರಾಯೋಗಿಕ ಸುರಂಗ ಹೋಯಿತು, ಯುರೇನಿಯಂ ನಿಗಮ ಗಣಿಯ ನಕ್ಷೆ ಹಿಡಿದು ನಿಂತಿತು. ಜಾರ್ಖಂಡಿನ ಜಾದೂಗುಡದ ಸುದ್ದಿ ಕೇಳಿದ್ದ ಊರವರು ಬೇಡವೆಂದರು. ಭೀಮಾ ಕಣಿವೆಯ ಉದ್ದಕ್ಕೂ ಬಿರುಕುಗಳನ್ನು ಹಿಡಿದು ಹುಡುಕಾಟ ನಡೆಯಿತು. ಅಣು ನಮ್ಮ ನೆಲದಲ್ಲಿದ್ದರೆ ಮನೆಬಾಗಿಲಿಗೆ ಬಂದು ತೋಡುತ್ತಾರೆ. ಅಣುವಿನ ಉಪಯೋಗ ಬೇಕಿದ್ದರೆ ಆನ್‌ಲೈನ್ ಪೋರ್ಟಲ್ ತೆರೆದಿರುತ್ತದೆ, ಸರ್ವರ್ ಇದ್ದಾಗ.

ಈಚೆಗೆ ಆಹಾರಕ್ಕೆ ವಿಕಿರಣ ಕೊಡುವ ಘಟಕಗಳ ಸುಗ್ಗಿ. 2025ರ ಜುಲೈ ಕೊನೆಗೆ ಕೇಂದ್ರ ಸಂಪುಟ ಅಂಥ 50 ಘಟಕ, 100 ಆಹಾರ ಪರೀಕ್ಷಾ ಪ್ರಯೋಗಾಲಯಗಳಿಗೆಂದು 1,000 ಕೋಟಿ ಒಪ್ಪಿತು. ನಾಸಿಕದ ಲಾಸಲಗಾಂವದಲ್ಲಿ 2002ರಿಂದ ಈರುಳ್ಳಿಗೆ ಒಂದಿದೆ. ಕೋಲಾರದ ಮಾಲೂರಿನಿಂದ ವಿಕಿರಣ ಹಾಯಿಸಿದ ಮಾವು ಅಮೆರಿಕಕ್ಕೆ ಹೋಗುತ್ತದೆ. ಬೇಳೆಕಾಳಿನ ಹುಳ ಕೊಲ್ಲಲು ಒಂದು ಕಿಲೋಗ್ರೇ ಒಳಗಿನ ಪ್ರಮಾಣ ಸಾಕೆಂದು ನಿಯಮವೇ ಹೇಳುತ್ತದೆ. ಸೇಡಂನಲ್ಲೊಂದು ಘಟಕ ಕೇಳಬೇಕೇ? ನನ್ನ ಅಭಿಪ್ರಾಯ ಕೇಳಿದರೆ, ಬೇಡ. ತೊಗರಿ ಬರುವುದು ಮೂರು ತಿಂಗಳು, ಕೋಬಾಲ್ಟು ಕರಗುವುದು ವರ್ಷದ ಹನ್ನೆರಡೂ ತಿಂಗಳು. ಬಿಸಿಲಿಗೆ ಗರಿಗರಿ ಒಣಗಿಸಿ ಗಾಳಿಯಾಡದ ಚೀಲದಲ್ಲಿ ಕಟ್ಟಿದರೆ ಹುಳ ತಾನೇ ಸಾಯುತ್ತದೆ. ಬಿಸಿಲಿಗಂತೂ ನಮ್ಮಲ್ಲಿ ಕೊರತೆಯಿಲ್ಲ, ಅದು ಸೂರ್ಯನೊಳಗಿನ ಅಣುಕ್ರಿಯೆಯಿಂದಲೇ ಬರುವುದಾದ್ದರಿಂದ ಬೇಕಾದರೆ ಸಾಧನೆಯ ಪಟ್ಟಿಗೆ ಸೇರಿಸಿಕೊಳ್ಳಲಿ. ಆದರೂ ಘಟಕ ಬಂದರೆ ಬಂದೀತು, ಏಕೆಂದರೆ ಅದಕ್ಕೆ ಕಟ್ಟಡ ಬೇಕು. ಕಟ್ಟಡಕ್ಕೆ ಟೆಂಡರು ಬೇಕು, ಸಿಮೆಂಟು ಇಲ್ಲೇ ಇದೆ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಒಂದು ವಿಧಾನಸಭೆಗಿಂತ ಮೂರು ತಿಂಗಳು ಹೆಚ್ಚು. ಉದ್ಘಾಟಿಸಿದ ಸರ್ಕಾರ ಇಳಿದ ಮೇಲೂ ಅರ್ಧ ಶಕ್ತಿ ಉಳಿದಿರುವ ಏಕೈಕ ಯೋಜನೆ ಅದಾಗುತ್ತದೆ.

ಬೇಕಾದದ್ದು ಬೀಜ, ಬೀಜ ಹುಡುಕುವ ಹುಡುಗರು. ಕಿರಿಯ ಸಂಶೋಧಕರ ಶಿಷ್ಯವೇತನ 2023ರಿಂದ ತಿಂಗಳಿಗೆ 37,000 ಎಂದು ಆದೇಶವಿದೆ. ಆದೇಶವೇನೋ ಬಂತು. ದುಡ್ಡಿನ ದಾರಿ ಬೇರೆ. ಹೋದ ಕಂತಿನ ಬಳಕೆ ಪ್ರಮಾಣಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಯುಸಿ, ಕೊಟ್ಟರೆ ಈ ಕಂತು. ಹೋದ ಕಂತು ಬಂದದ್ದು ಮಾರ್ಚ್ ಕೊನೆಯ ವಾರ. ಮಾರ್ಚ್ 31ರೊಳಗೆ ಖರ್ಚಾಗದ್ದು ವಾಪಸು. ತೊಗರಿ ಬಿತ್ತುವುದು ಜೂನ್‌ನಲ್ಲಿ, ಕೊಯ್ಯುವುದು ಡಿಸೆಂಬರ್, ಜನವರಿಯಲ್ಲಿ. ಸರ್ಕಾರದ ವರ್ಷಕ್ಕೂ ತೊಗರಿಯ ವರ್ಷಕ್ಕೂ ಜಾತಕ ಕೂಡುವುದಿಲ್ಲ.

ಸರ್ಕಾರದ ವರ್ಷ ಬದಲಾಗುವುದು ಅಸಾಧ್ಯ, ಅದಕ್ಕೆ ಗಾಮಾ ಕಿರಣ ತಾಗುವುದಿಲ್ಲ. ತೊಗರಿಯನ್ನೇ ಬದಲಾಯಿಸಬೇಕು. ಅವಧಿ ಮೊಟಕು ಮಾಡುವುದರಲ್ಲಿ ಟ್ರಾಂಬೆಯವರು ಪಳಗಿದವರು. ಆರು ತಿಂಗಳ ಬೆಳೆಯನ್ನು ಐದಕ್ಕೆ, ನಾಲ್ಕೂವರೆಗೆ ಇಳಿಸಿದ್ದಾರೆ. ಇನ್ನೊಂದಿಷ್ಟು ಕಿರಣ ಹಾಯಿಸಿ ಅದನ್ನು ಮೂರು ದಿನಕ್ಕೆ ತಂದರೆ ಎಲ್ಲ ಸಲೀಸು. ಮಾರ್ಚ್ 28ಕ್ಕೆ ಹಣ ಬಿಡುಗಡೆ, ಅಂದೇ ಬಿತ್ತನೆ. 29ಕ್ಕೆ ಹೂವು, ಜಂಟಿ ನಿರ್ದೇಶಕರ ಕ್ಷೇತ್ರ ಭೇಟಿ. 30ಕ್ಕೆ ಕಾಯಿ, ನೆಟೆ ಬಂದಿದ್ದರೆ ಸಮೀಕ್ಷೆ. 31ರ ಬೆಳಿಗ್ಗೆ ಕೊಯ್ಲು, ಸಂಜೆ ಐದರೊಳಗೆ ಯುಸಿ. ಈ ತಳಿಗೆ 'ಮಾರ್ಚ್-31' ಎಂದೇ ಹೆಸರಿಡಬಹುದು ಎಂದು ಕಾಕಾಗೆ ಹೇಳಿದೆ.

ಕಾಕಾ ಲೋಟ ಕೆಳಗಿಟ್ಟು, "ಛಲೋ ಅದ. ಖರೀದಿ ಕೇಂದ್ರ ಯಾವಾಗ ತೆಗೀತಾರಂತ?" ಎಂದರು.

ಜೂನ್‌ನಲ್ಲಿ, ಕಾಕಾ.